ತೋಡಿದಷ್ಟು ತುಂಬು

ನಾಗರಬಾವಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಆಟೊ ನಿಂತ ಕೂಡಲೇ ನನ್ನ ಹೆಂಡತಿಯ ಮುಖ ಬದಲಾಗುತ್ತದೆ. ಬಾಗಿಲಿಗೆ ಬೀಗ ಹಾಕುವಾಗ ಹೊಳೆಯದ್ದು, ಗೇಟಿನ ಚಿಲಕ ಎಳೆಯುವಾಗ ಹೊಳೆಯದ್ದು, ಅನ್ನಪೂರ್ಣೇಶ್ವರಿ ನಗರ ದಾಟಿ ಇಲ್ಲಿಗೆ ಬಂದ ಮೇಲೆಯೇ ಅವಳಿಗೆ ಹೊಳೆಯುವುದು.

"ರೀ, ಗೀಸರ್ ಆಫ್ ಮಾಡಿದ್ರಾ?"

"ಮಾಡಿದೆ" ಅಂದರೆ ಮುಗಿಯುವುದಿಲ್ಲ. "ನಿಜವಾಗ್ಲೂ ಮಾಡಿದ್ರಾ, ಮಾಡಿದ ಹಾಗೆ ಅನ್ನಿಸ್ತಿದೆಯಾ?" ಎಂದು ಇನ್ನೊಂದು ಬಾಣ ಬರುತ್ತದೆ. ಆ ಬಾಣ ತಾಗಿದ ಮೇಲೆ ನನಗೂ ಸಂಶಯ. ಸ್ವಿಚ್ಚಿನ ಮೇಲೆ ಬೆರಳಿಟ್ಟದ್ದು ನೆನಪಿದೆ. ಆದರೆ ಅದು ಇವತ್ತಿನ ಬೆರಳೋ ನಿನ್ನೆಯದೋ? ಎರಡು ಮದುವೆ, ಒಂದು ಗೃಹಪ್ರವೇಶ, ಒಂದು ವೈಕುಂಠ ಸಮಾರಾಧನೆಗೆ ನಾವು ಈ ಸಿಗ್ನಲ್ಲಿನಿಂದ ಯೂ ಟರ್ನ್ ಹೊಡೆದು ತಡವಾಗಿ ಹೋಗಿದ್ದೇವೆ. ನಾಲ್ಕು ಸಲವೂ ಗೀಸರ್ ಆಫ್ ಆಗಿಯೇ ಇತ್ತು. ಐದನೆಯ ಸಲ ನಾನು ಹಟ ಹಿಡಿದು ವಾಪಸು ಹೋಗಲಿಲ್ಲ. ಅವತ್ತು ಆನ್ ಇತ್ತು.

ಗೀಸರಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷ. ನನ್ನದು ಥರ್ಮೋಸ್ಟ್ಯಾಟ್ ಪಕ್ಷ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು ನಾನು. ದ್ವಿಲೋಹ ಪಟ್ಟಿಯ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದು ಕೇಳಿ ಕೇಳಿ ಎಷ್ಟೋ ಮಕ್ಕಳ ಅಂಕ ಕಳೆದಿದ್ದೇನೆ. ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ ಹಿಗ್ಗುತ್ತದೆ, ಆ ಜಗಳದಲ್ಲಿ ಕರೆಂಟು ಕಡಿದುಹೋಗುತ್ತದೆ. ನಮ್ಮ ಗೀಸರಿನಲ್ಲಿ ಇರುವುದೂ ಅದರ ದಾಯಾದಿಯೇ, ಹಿತ್ತಾಳೆಯ ಕೊಳವೆ ಮತ್ತು ಅದರೊಳಗೆ ಅಷ್ಟಾಗಿ ಹಿಗ್ಗದ ಇನ್ನೊಂದು ಲೋಹದ ಕಡ್ಡಿ. ನೀರು ಕಾದರೆ ತಾನೇ ನಿಲ್ಲುತ್ತದೆ, ಆರಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆನ್ ಇದ್ದರೆ ಏನೀಗ ಎಂಬುದು ನನ್ನ ವಾದ.

ಅವಳದು ಸ್ವಿಚ್ ಪಕ್ಷ. "ಮನೇಲಿ ಯಾರೂ ಇಲ್ಲದೆ ಇರುವಾಗ ಅದು ಯಾರಿಗೇಂತ ನೀರು ಕಾಯಿಸ್ತಾ ಕೂತಿರುತ್ತೆ?" ಎಂಬುದು ಅವಳ ಒಂದೇ ಪ್ರಶ್ನೆ. ಇದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಕಳೆದ ಧನುರ್ಮಾಸದ ಒಂದು ರಾತ್ರಿ. ನನ್ನ ವಯಸ್ಸಿನವರಿಗೆ ನಿದ್ದೆಯೂ ನಲ್ಲಿನೀರಿನ ಹಾಗೆ, ದಿನ ಬಿಟ್ಟು ದಿನ ಬರುತ್ತದೆ. ಅವತ್ತು ಬಿಡುವ ದಿನ. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿ 13ರಂದು ಬಿದ್ದ 7.8 ಡಿಗ್ರಿ. ಈಗ ಹದಿನೈದಕ್ಕೆ ಇಳಿದರೂ ನಾವು ಮಂಕಿ ಟೋಪಿ ಹುಡುಕುವವರು. ಟೋಪಿಯನ್ನು ಕಿವಿಯಿಂದ ಮೇಲಕ್ಕೆ ಸರಿಸಿ ಹೊರಳುತ್ತಿದ್ದಾಗ ಪಕ್ಕದ ಬಚ್ಚಲಿನಿಂದ "ಟಕ್" ಎಂದಿತು. ಗೀಸರ್ ಆಫ್ ಮಾಡಲು ಮರೆತಿದ್ದೆ. ಎದ್ದು ಹೋಗಿ ಆರಿಸಬಹುದಿತ್ತು. ಮೇಷ್ಟರ ಬುದ್ಧಿ, ಪುಸ್ತಕ ತಂದೆ.

11 ಗಂಟೆ 10 ನಿಮಿಷ, ಟಕ್. 11 ಗಂಟೆ 14 ನಿಮಿಷ, ಟಕ್. ಆಮೇಲೆ ಬೀದಿನಾಯಿಗಳ ಸಭೆ, ರಿಂಗ್ ರೋಡಿನ ಲಾರಿಗಳ ನಿಟ್ಟುಸಿರು. 1 ಗಂಟೆ 55 ನಿಮಿಷಕ್ಕೆ ಮತ್ತೆ ಟಕ್, 59ಕ್ಕೆ ಟಕ್. ಬೆಳಗಿನ ಜಾವ 4 ಗಂಟೆ 40ಕ್ಕೆ ಒಂದು, 44ಕ್ಕೆ ಇನ್ನೊಂದು. ಎರಡೂ ಮುಕ್ಕಾಲು ಗಂಟೆಗೊಮ್ಮೆ ಎದ್ದು ನಾಲ್ಕು ನಿಮಿಷ ಕೆಲಸ ಮಾಡಿ ಮತ್ತೆ ಮಲಗುವ ಜೀವ ಅದು. ನಮ್ಮ ಬೀದಿಯ ಗೂರ್ಖಾನಿಗಿಂತ ನಿಯತ್ತಿನದು.

ಬೆಳಗಾಗುವಷ್ಟರಲ್ಲಿ ಲೆಕ್ಕ ಮುಗಿದಿತ್ತು. ನಮ್ಮದು 15 ಲೀಟರಿನ, 2 ಕಿಲೋವ್ಯಾಟಿನ ಹಳೆಯ ಗೀಸರ್. ಗುಂಡಿ 60 ಡಿಗ್ರಿಗೆ ಇದೆ. ಹಾಗೆಂದು ನೀರು 60ರಲ್ಲೇ ನಿಂತಿರುವುದಿಲ್ಲ. 60 ಮುಟ್ಟಿದಾಗ ಆರುತ್ತದೆ, ಏಳೆಂಟು ಡಿಗ್ರಿ ಇಳಿಯುವ ತನಕ ಸುಮ್ಮನಿದ್ದು ಆಮೇಲೆ ಹೊತ್ತಿಕೊಳ್ಳುತ್ತದೆ. ಈ ಸಡಿಲ ಬೇಕೇ ಬೇಕು. ಅರ್ಧ ಡಿಗ್ರಿ ಇಳಿದರೂ ಸಹಿಸದೆ ಹೊತ್ತಿಕೊಳ್ಳುವಂತಿದ್ದರೆ ರಾತ್ರಿಯೆಲ್ಲ ಟಕಟಕ ಎಂದು ಕಾಂಟ್ಯಾಕ್ಟುಗಳೇ ಸುಟ್ಟುಹೋಗುತ್ತವೆ. ನಲವತ್ತು ವರ್ಷದ ಸಂಸಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

15 ಲೀಟರನ್ನು 22 ಡಿಗ್ರಿಯಿಂದ 60ಕ್ಕೆ ಒಂದು ಸಲ ಕಾಯಿಸಲು ಇಪ್ಪತ್ತು ನಿಮಿಷ, ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಪಾಲು ಕರೆಂಟು ಸಾಕು. ಆದರೆ ದಿನವಿಡೀ ಆನ್ ಬಿಟ್ಟರೆ, ಯಾರೂ ನಲ್ಲಿ ತಿರುಗಿಸದಿದ್ದರೂ, ಎಂಟೊಂಬತ್ತು ಸಲ ಎದ್ದು ಮಲಗುವುದಕ್ಕೇ ಒಂದು ಯೂನಿಟ್ಟು ಬೇಕು. ಗೀಸರಿನ ಹೊಟ್ಟೆಯ ಮೇಲೆ ಅಂಟಿಸುವ ನಕ್ಷತ್ರಗಳು ಹೇಳುವುದೂ ಇದನ್ನೇ, ಸುಮ್ಮನೆ ನಿಂತ ಬಿಸಿನೀರು ದಿನಕ್ಕೆ ಎಷ್ಟು ಶಾಖ ಸೋರಿಸುತ್ತದೆ ಎಂದು. ನಮ್ಮದರ ನಕ್ಷತ್ರಗಳು ಯಾವತ್ತೋ ಉದುರಿಹೋಗಿವೆ. ಒಟ್ಟಿನಲ್ಲಿ ನಾವು ಊರಲ್ಲಿಲ್ಲದ ದಿನ ನಮ್ಮ ಗೀಸರ್ ಒಂದೂವರೆ ಸ್ನಾನವನ್ನು ತಾನೇ ಮಾಡಿ ಮುಗಿಸುತ್ತದೆ.

ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳ ಮುಂದೆ ಪುಸ್ತಕ ಹಿಡಿದು ಸೋಲೊಪ್ಪಿಕೊಂಡೆ. ಅವಳು ಪುಸ್ತಕ ನೋಡಲಿಲ್ಲ. "ಇದನ್ನ ಹೇಳೋಕೆ ರಾತ್ರಿಯೆಲ್ಲ ನಿದ್ದೆಗೆಡಬೇಕಿತ್ತಾ? ನನ್ನ ಕೇಳಿದ್ರೆ ಆಗ್ತಿರ್ಲಿಲ್ವಾ?" ಎಂದಳು. "ಹೇಗಿದ್ರೂ ಗೃಹಜ್ಯೋತಿ ಇದೆಯಲ್ಲ" ಎಂದು ಕೊನೆಯ ಅಸ್ತ್ರ ಬಿಟ್ಟೆ. 2023ರಲ್ಲಿ ಆ ಯೋಜನೆ ಬಂದಾಗ ನಮ್ಮ ಹಳೆಯ ಸರಾಸರಿಗೆ ಶೇಕಡ 10 ಸೇರಿಸಿ ಇಷ್ಟು ಯೂನಿಟ್ಟು ಪುಕ್ಕಟೆ ಎಂದು ಗೆರೆ ಎಳೆದಿದ್ದಾರೆ. ಆ ಗೆರೆ ಅವಳಿಗೆ ಲಕ್ಷ್ಮಣರೇಖೆ. ಅದರೊಳಗೆ ಒಂದೂವರೆ ಸ್ನಾನಕ್ಕೆ ಜಾಗವಿಲ್ಲ.

ಅವತ್ತು ಹಗಲೆಲ್ಲ ನನ್ನ ಕಿವಿಯಲ್ಲಿ ಆ ಟಕ್ ಉಳಿಯಿತು. ಕತ್ತಲಲ್ಲಿ ಕಿವಿಗೊಟ್ಟು ನೀರು ಕಾಯುವುದನ್ನು ಕೇಳಿದ್ದು ನಾನೇ ಮೊದಲಲ್ಲ. ನಮ್ಮ ಅಜ್ಜಿ ಜೀವಮಾನವಿಡೀ ಕೇಳಿದವಳು.

ತಿಪಟೂರಿನ ಹತ್ತಿರದ ಊರು ನಮ್ಮದು. ತೆಂಗಿನ ಸೀಮೆ. ಅಲ್ಲಿ ಒಲೆಗೆ ಬೇಕಾದ್ದನ್ನೆಲ್ಲ ಒಂದೇ ಮರ ಕೊಡುತ್ತದೆ: ಹೊತ್ತಿಸಲು ಗರಿ, ಹಿಡಿದು ನಿಲ್ಲಲು ಮಟ್ಟೆ, ಕೆಂಡಕ್ಕೆ ಚಿಪ್ಪು. ಬಚ್ಚಲುಮನೆಯ ಮೂಲೆಯಲ್ಲಿ ಮಣ್ಣಿನ ಕಟ್ಟೆಯೊಳಗೆ ಅರ್ಧ ಹೂತ ತಾಮ್ರದ ಹಂಡೆ. ಬೆನ್ನು ಮಸಿಗಪ್ಪು, ಕಂಠ ಹುಣಸೆಹಣ್ಣು ತಿಕ್ಕಿ ತಿಕ್ಕಿ ಕೆಂಪು. ಬೆಳಗಿನ ಜಾವ ನಾಲ್ಕಕ್ಕೆ ಅಜ್ಜಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಹೊಗೆಗೆ ಕಣ್ಣು ಮುಚ್ಚಿಯೇ ಇರುತ್ತಿತ್ತು. ನೋಡುವುದೇನೂ ಇರಲಿಲ್ಲ, ಕೇಳುವುದಿತ್ತು.

ಮೊದಲು ಹಂಡೆ ಮೂಕ. ಆಮೇಲೆ ಸಣ್ಣಗೆ ಚಿಟಚಿಟ. ಸ್ವಲ್ಪ ಹೊತ್ತಿಗೆ ದುಂಬಿ ಹೊಕ್ಕ ಹಾಗೆ ಗುಂಯ್ ಎಂದು ರಾಗ ಹಿಡಿಯುತ್ತದೆ. "ಹಂಡೆ ಹಾಡ್ತಿದೆ" ಎಂದು ಅಜ್ಜಿ ಉರಿಯುವ ಮಟ್ಟೆಯನ್ನು ಒಲೆಯ ಬಾಯಿಗೆ ಹಿಂದಕ್ಕೆ ಎಳೆಯುತ್ತಿದ್ದಳು. ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆ ಮೇಲಿನ ತಂಪು ನೀರಿಗೆ ಏರಿ ಅಲ್ಲೇ ಕುಸಿಯುವ ಸದ್ದು ಅದು ಎಂದು ನಾನು ಬಿ.ಎಸ್ಸಿ.ಯಲ್ಲಿ ಓದಿದೆ. ಅಜ್ಜಿಗೆ ಅಷ್ಟೆಲ್ಲ ಬೇಕಿರಲಿಲ್ಲ. ರಾಗ ನಿಂತರೆ ಮರಳಿತು ಎಂದರ್ಥ, ಮರಳಿದರೆ ಸೌದೆ ದಂಡ ಎಂದರ್ಥ. ಹಾಡು ಶುರುವಾದಾಗ ಹಿಂದಕ್ಕೆ, ಹಾಡು ತಗ್ಗಿದಾಗ ಒಂದು ಚಿಪ್ಪು ಮುಂದಕ್ಕೆ. ಹದಿಮೂರು ಜನರ ಸ್ನಾನ ಮುಗಿಯುವ ತನಕ ಹೀಗೇ ಹಿಂದಕ್ಕೆ ಮುಂದಕ್ಕೆ. ಇವತ್ತು ಆ ಕೆಲಸಕ್ಕೆ ನಾವು ಗೋಡೆಯ ಮೇಲೆ ಇಟ್ಟುಕೊಂಡಿರುವುದು ಒಂದು ಕಡ್ಡಿ.

ಅವಳ ಬಚ್ಚಲುಮನೆಯಲ್ಲಿ ಕಾಯಿದೆ ಒಂದೇ: ತೋಡಿದಷ್ಟು ತುಂಬು. ಹತ್ತು ಚೊಂಬು ಬಿಸಿನೀರು ತೆಗೆದವನು ತೊಟ್ಟಿಯಿಂದ ಹತ್ತು ಚೊಂಬು ತಣ್ಣೀರು ಹಂಡೆಗೆ ಹಾಕಿಯೇ ಹೊರಗೆ ಬರಬೇಕು. ಧನುರ್ಮಾಸದ ಚಳಿಯಲ್ಲಿ, ಬೆಚ್ಚಗೆ ಮಿಂದ ಮೈಯಲ್ಲಿ, ತೊಟ್ಟಿಯ ತಣ್ಣೀರಿಗೆ ಕೈ ಹಾಕುವುದೆಂದರೆ ಶಿಕ್ಷೆ. ಒಂದು ದಿನ ನಾನು ಹನ್ನೆರಡು ಚೊಂಬು ತೋಡಿ, ಒಂದನ್ನೂ ತುಂಬದೆ, ಟವಲು ಸುತ್ತಿಕೊಂಡು ಓಡಿದೆ. ನನ್ನ ಮುಂದೆ ಹೋಗಿದ್ದ ಚಿಕ್ಕಪ್ಪನೂ ಹಾಗೇ ಮಾಡಿದ್ದ ಎಂಬುದು ನನಗೆ ಗೊತ್ತಿರಲಿಲ್ಲ. ಉಳಿದದ್ದು ತಳದ ನಾಲ್ಕು ಚೊಂಬು, ಕೆಳಗೆ ಹದಿಮೂರು ಜನರ ಉರಿ. ಆಮೇಲೆ ಬಂದವರು ತಾತ. ಎಂದಿನಂತೆ ಕಣ್ಣುಮುಚ್ಚಿ ಗಂಗೇಚ ಯಮುನೇ ಎನ್ನುತ್ತಾ ಮೊದಲ ಚೊಂಬನ್ನು ಹೆಗಲ ಮೇಲೆ ಸುರಿದುಕೊಂಡರು. ಗೋದಾವರಿಯ ತನಕ ಮಂತ್ರ ಹೋಗಲಿಲ್ಲ. ನನ್ನ ಎಡಗಿವಿ ಬಲಗಿವಿಗಿಂತ ಕೊಂಚ ಉದ್ದವಿದ್ದರೆ ಅದಕ್ಕೆ ಕಾರಣ ಅವತ್ತಿನ ತಿರುಚು.

ಹಂಡೆ ಬರಿದಾಗುತ್ತಿದ್ದುದು ವರ್ಷಕ್ಕೊಂದು ಸಲ, ನೀರು ತುಂಬುವ ಹಬ್ಬದ ದಿನ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕಂಠಕ್ಕೆ ಹಾಗಲಬಳ್ಳಿ ಸುತ್ತಿ, ಬಾವಿಯಿಂದ ಸೇದಿದ ಹೊಸನೀರು ತುಂಬುತ್ತಿದ್ದರು. ಅವತ್ತು ಹಂಡೆಯೇ ಮದುಮಗಳು. ಬೆಳಗ್ಗೆ ಎಣ್ಣೆಸ್ನಾನಕ್ಕೆ ನಮ್ಮನ್ನು ಕೂರಿಸಿ, ಅಜ್ಜಿ ಬಕೆಟ್ಟಿನ ನೀರಿಗೆ ಕೈ ಅದ್ದಿ "ಹದ ಇದೆ" ಎಂದರೆ ಅದೇ ತೀರ್ಪು. ಆ ಹದ ಎಷ್ಟು ಡಿಗ್ರಿ ಎಂದು ಕೇಳಿದ್ದರೆ ಅವಳು ನಗುತ್ತಿದ್ದಳು. ಹೆಚ್ಚುಕಡಿಮೆ 40 ಇರಬೇಕು, ಮೈಗೆ ಹಿತವಾಗುವುದು ಅಲ್ಲೇ. ನಮ್ಮ ಭಾಷೆಯ ಥರ್ಮಾಮೀಟರಿನಲ್ಲಿ ಮನೆಗಳು ಬೇರೆ: ಕೊರೆಯುವಂಥದ್ದು, ತಣ್ಣಗಿನದು, ಉಗುರುಬೆಚ್ಚಗಿನದು, ಹದವಾದದ್ದು, ಸುಡುವಂಥದ್ದು, ಕೊತಕೊತ ಎನ್ನುವಂಥದ್ದು. ಗೀಸರಿನ ಗುಂಡಿಯ ಸುತ್ತ ಉಗುರುಬೆಚ್ಚಗೆ ಎಂಬ ಗುರುತನ್ನು ಇವತ್ತಿಗೂ ಯಾರೂ ಹಾಕಿಲ್ಲ.

ಕೆಲಸ ಸಿಕ್ಕಿ ರಾಜಾಜಿನಗರದ ವಠಾರಕ್ಕೆ ಬಂದಾಗ ಹಂಡೆ ಕಳೆದು ಹೊಟ್ಟಿನ ಒಲೆ ಬಂತು. ತಗಡಿನ ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟನ್ನು ಗಟ್ಟಿಯಾಗಿ ದಮ್ಮಸು ಹಾಕಿ, ಉಸಿರು ಬಿಗಿಹಿಡಿದು ಬಾಟಲಿ ಮೇಲೆತ್ತಬೇಕು. ಕೈ ನಡುಗಿದರೆ ಸುರಂಗ ಕುಸಿದು ಮೊದಲಿನಿಂದ ಶುರು. ಸರಿಯಾಗಿ ಕೂತರೆ ಎರಡು ಗಂಟೆ ಒಂದೇ ಸಮನೆ ಉರಿ, ಹಿಂದಕ್ಕಿಲ್ಲ ಮುಂದಕ್ಕಿಲ್ಲ. ವಠಾರದ ಏಳು ಮನೆಗೂ ಪಾಳಿ. ನಮ್ಮ ಪಾಳಿ ಬರುವಷ್ಟರಲ್ಲಿ ಡಬ್ಬದಲ್ಲಿ ಬೂದಿ, ಬಕೆಟ್ಟಿನಲ್ಲಿ ಉಗುರುಬೆಚ್ಚಗೆ, ಕೈಗಡಿಯಾರದಲ್ಲಿ ಶಾಲೆಯ ಗಂಟೆ.

2008ರಲ್ಲಿ ಇಲ್ಲಿ ಮನೆ ಕಟ್ಟಿಸಿದಾಗ ತಾರಸಿಯ ಮೇಲೆ ಸೋಲಾರ್ ಇಡಿಸಿದೆವು. ಸೂರ್ಯನೇ ನೀರು ಕಾಯಿಸಿಕೊಡುತ್ತಾನೆ, ಮೇಲೆ ಬೆಸ್ಕಾಂನವರು ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ, ರಿಯಾಯಿತಿಯನ್ನೂ ಕೊಡುತ್ತಿದ್ದರು. ಅದರಲ್ಲಿ ಪಂಪಿಲ್ಲ, ಮೋಟರಿಲ್ಲ. ಕಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ತಾನೇ ಕೆಳಗಿಳಿಯುತ್ತದೆ. ಆದರೆ ಆಷಾಢ ಶ್ರಾವಣದಲ್ಲಿ ಸೂರ್ಯ ರಜೆ ಹಾಕುತ್ತಾನೆ. ಅದಕ್ಕೆಂದೇ ಟ್ಯಾಂಕಿನೊಳಗೆ ಒಂದು ಕಾಯಿಲ್ ಇಟ್ಟಿರುತ್ತಾರೆ. ಒಂದು ಮೋಡದ ರಾತ್ರಿ ಅದರ ಸ್ವಿಚ್ಚು ಹಾಕಿ ಮರೆತೆ. 200 ಲೀಟರನ್ನು 60ಕ್ಕೆ ಏರಿಸಲು ಎಂಟೊಂಬತ್ತು ಯೂನಿಟ್ಟು. ಮರುದಿನ ಮನೆಯಲ್ಲಿ ಇದ್ದವರು ಇಬ್ಬರು, ಬಿಸಿನೀರು ಹದಿಮೂರು ಜನಕ್ಕೆ.

ಇನ್ನೊಂದು ಸಂಕಟವಿದೆ. ತಾರಸಿಯ ಟ್ಯಾಂಕಿನಿಂದ ಕೆಳಗಿನ ಬಚ್ಚಲಿಗೆ ಬರುವ ಪೈಪಿನಲ್ಲಿ ರಾತ್ರಿಯೆಲ್ಲ ನಿಂತು ತಣ್ಣಗಾದ ನೀರು ಐದಾರು ಲೀಟರ್. ಅದು ಹರಿದುಹೋದ ಮೇಲೆಯೇ ಬಿಸಿನೀರಿನ ದರ್ಶನ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪಾಗಿ ಬೆಟ್ಟ ಹತ್ತಿದ ಹಾಗೆ ಹತ್ತಿ ಬರುವ ಕಾವೇರಿ, ನಮ್ಮ ಬಚ್ಚಲಿನಲ್ಲಿ ನೇರ ಮೋರಿಗೆ. ಈಗ ಆ ನೀರಿಗೆಂದೇ ಒಂದು ನೀಲಿ ಬಕೆಟ್ಟು ಇಟ್ಟಿದ್ದೇವೆ. ತುಳಸಿಕಟ್ಟೆಗೂ ನೆಲ ಒರೆಸುವುದಕ್ಕೂ ಅದೇ.

ಇಷ್ಟಕ್ಕೂ ಅಜ್ಜಿಯ ಕಾಯಿದೆಯ ಅರ್ಥ ನನಗೆ ತಿಳಿದದ್ದು ತಿಪಟೂರಿನಲ್ಲಲ್ಲ, ರಾಜಾಜಿನಗರದಲ್ಲೂ ಅಲ್ಲ. ಬಾಸ್ಟನ್ ಹತ್ತಿರದ ಮಗಳ ಮನೆಯ ನೆಲಮಾಳಿಗೆಯಲ್ಲಿ.

ಅಲ್ಲಿ ಬಾಯ್ಲರ್ ಇರುವುದು ಸ್ನಾನಕ್ಕಲ್ಲ, ಮನೆಗೇ. ಕಾದ ನೀರು ಗೋಡೆಯ ಬುಡದ ಕೊಳವೆಗಳಲ್ಲಿ ಕೋಣೆಯಿಂದ ಕೋಣೆಗೆ ಸುತ್ತಿ, ಶಾಖ ಬಿಟ್ಟುಕೊಟ್ಟು, ಮತ್ತೆ ಒಲೆಗೆ ಮರಳುತ್ತದೆ. ಯಾರೂ ಕುಡಿಯದ, ಯಾರೂ ಮೀಯದ ನೀರು. ಅದರ ಜನ್ಮವೆಲ್ಲ ಪ್ರದಕ್ಷಿಣೆ. ಹೋದ ಹೊಸದರಲ್ಲಿ ನನಗೆ ಹಗಲು ರಾತ್ರಿ ಅದಲುಬದಲು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಕೆಳಗಿನ ಸದ್ದು ಹಿಡಿದು ಹೋದೆ. ಗ್ಯಾಸು ಹೊತ್ತಿ ಎರಡು ನಿಮಿಷ ಉರಿಯಿತು, ಮುಳ್ಳು 180 ಫ್ಯಾರನ್‌ಹೀಟಿಗೆ, ಅಂದರೆ ನಮ್ಮ 82ಕ್ಕೆ, ಜಿಗಿಯಿತು, ಟಕ್, ಆರಿತು. ಐದು ನಿಮಿಷಕ್ಕೆ ಮತ್ತೆ ಹೊತ್ತಿತು. ಗಂಟೆಗೆ ಎಂಟು ಸಲ.

"ಅಪ್ಪಾ, ಮೂರು ಗಂಟೆ ರಾತ್ರೀಲಿ ಬೇಸ್‌ಮೆಂಟಲ್ಲಿ ಏನು ಮಾಡ್ತಿದ್ದೀರಾ?" ಎಂದು ಮಗಳು ಮೆಟ್ಟಿಲ ಮೇಲಿಂದ ಗಾಬರಿಯಲ್ಲಿ ಕೇಳಿದಳು.

"ಎಣಿಸ್ತಿದ್ದೀನಿ ಕಣಮ್ಮ" ಎಂದೆ. ಅವಳ ಗಾಬರಿ ಕಡಿಮೆಯಾಗಲಿಲ್ಲ.

ಎರಡು ದಿನ ಬಿಟ್ಟು ಬಂದ ರಿಪೇರಿಯವನು ನನ್ನ ಲೆಕ್ಕದ ಪುಸ್ತಕ ನೋಡಿ ಕೈ ಕುಲುಕಿದ. ಇದಕ್ಕೆ ಷಾರ್ಟ್ ಸೈಕ್ಲಿಂಗ್ ಎನ್ನುತ್ತಾರಂತೆ. ಅತಿ ಚಳಿಯ ರಾತ್ರಿಗೆಂದು ದೊಡ್ಡ ಬಾಯ್ಲರ್ ಕೂರಿಸಿರುತ್ತಾರೆ. ಚಳಿ ಅಷ್ಟಿಲ್ಲದ ದಿನ ಒಂದೇ ಕೋಣೆ ಶಾಖ ಕೇಳುತ್ತದೆ. ಆ ಕೋಣೆಯ ಕೊಳವೆಯಲ್ಲಿರುವ ಚೂರು ನೀರಿಗೆ ಅಷ್ಟು ದೊಡ್ಡ ಉರಿ ಬಿದ್ದರೆ ಎರಡೇ ನಿಮಿಷಕ್ಕೆ ಗರಿಷ್ಠ ಮುಟ್ಟಿ ಆರುತ್ತದೆ. ಪ್ರತಿ ಸಲ ಹೊತ್ತುವಾಗಲೂ ಮೊದಲ ಶಾಖ ನೀರಿಗಲ್ಲ, ಕಬ್ಬಿಣಕ್ಕೆ. ಹೊತ್ತಿ ಆರಿ ಹೊತ್ತಿ ಆರಿ ಯಂತ್ರ ಸವೆಯುತ್ತದೆ. ಸುಮನಹಳ್ಳಿ ಜಂಕ್ಷನ್ನಿನಲ್ಲಿ ಸಂಜೆ ಹೊತ್ತು ಆಟೊ ಓಡಿಸಿದ ಹಾಗೆ: ಓಡಿದ್ದಕ್ಕಿಂತ ನಿಂತು ಹೊರಟದ್ದಕ್ಕೇ ಗ್ಯಾಸು ಖರ್ಚು.

ಮದ್ದು ಮೂರಿವೆ ಎಂದ. ನೀರಿನ ಬಿಸಿಯನ್ನು ಇಳಿಸುವುದು ಒಂದು. ಮರಳಿ ಬರುವ ನೀರು 54 ಡಿಗ್ರಿಗಿಂತ ತಣ್ಣಗಿದ್ದರೆ ಇಂಥ ಹೊಸ ಬಾಯ್ಲರುಗಳಲ್ಲಿ ಹೊಗೆಯೊಳಗಿನ ಆವಿಯೂ ನೀರಾಗಿ ತನ್ನ ಶಾಖವನ್ನು ಬಿಟ್ಟುಕೊಟ್ಟು ಹೋಗುತ್ತದೆ. ಎರಡನೆಯದು, ಹೊರಗೆ ಒಂದು ಸೆನ್ಸರ್ ಇಟ್ಟು, ಚಳಿ ಏರಿದಂತೆ ನೀರಿನ ಬಿಸಿ ಏರಿಸುವುದು, ಚಳಿ ಇಳಿದರೆ ಇಳಿಸುವುದು. ಅಜ್ಜಿ ಮಾಗಿಯಲ್ಲಿ ನಾಲ್ಕು ಚಿಪ್ಪು ಹೆಚ್ಚಿಗೆ ಹಾಕಿ, ಚೈತ್ರದಲ್ಲಿ ಕೈ ಬಿಗಿ ಹಿಡಿಯುತ್ತಿದ್ದುದು ನೆನಪಾಯಿತು. ಮೂರನೆಯದಕ್ಕೆ ಅವನು ಫೋನಿನಲ್ಲಿ ಚಿತ್ರ ತೋರಿಸಿದ. ಬಫರ್ ಟ್ಯಾಂಕಂತೆ. ಒಲೆಗೂ ಕೊಳವೆಗೂ ನಡುವೆ ಒಂದು ದೊಡ್ಡ ಪಾತ್ರೆ. ಅದರ ತುಂಬ ನೀರಿದ್ದರೆ ಉರಿಗೆ ಕೈತುಂಬ ಕೆಲಸ ಸಿಗುತ್ತದೆ, ಹೊತ್ತಿದರೆ ಸಾವಕಾಶವಾಗಿ ಉರಿಯುತ್ತದೆ, ಆರಿದರೆ ಬಹಳ ಹೊತ್ತು ಆರಿಯೇ ಇರುತ್ತದೆ.

"ಹಂಡೆ!" ಎಂದು ಕೂಗಿಬಿಟ್ಟೆ. ನನ್ನ ಎಡಗಿವಿ ಚುರ್ರೆಂದಿತು. ಉರಿ ಅಷ್ಟೇ ಇದ್ದು ನೀರು ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ನಾನು ತಾತನ ಹೆಗಲ ಮೇಲೆ ಪ್ರಯೋಗ ಮಾಡಿ ನೋಡಿದ್ದೆ, ಫಲಿತಾಂಶ ಬರೆಯಲು ಮಾತ್ರ ಐವತ್ತು ವರ್ಷ ತಡ ಮಾಡಿದ್ದೆ. ಟ್ಯಾಂಕಿನ ಬೆಲೆ ಕೇಳಿ ಅಳಿಯಂದಿರು ಕೆಮ್ಮಿದರು. ಸದ್ಯಕ್ಕೆ ಬಿಸಿ ಇಳಿಸಿದರೆ ಸಾಕು ಎಂದು ತೀರ್ಮಾನವಾಯಿತು.

ಊರಿಗೆ ಮರಳಿದ ವಾರಕ್ಕೆ ನಮ್ಮ ಗೀಸರ್ ಮುಷ್ಕರ ಹೂಡಿತು. ಎಲೆಕ್ಟ್ರಿಷಿಯನ್ ಹುಡುಗ ಅದನ್ನು ಇಳಿಸಿ, ಬಿಚ್ಚಿ, ಕಾಯಿಲ್ ಎಳೆದು ತೋರಿಸಿದ. ಅಕ್ಕಿಹಿಟ್ಟಿನಲ್ಲಿ ಹೊರಳಿಸಿದ ಕೋಡುಬಳೆ. "ಬೋರ್ ನೀರು ಸಾರ್, ಸುಣ್ಣ ಕಟ್ಟಿದೆ. ಗುಂಡಿ 60ರ ಮೇಲೆ ಇಟ್ಟಿದ್ರೆ ಇಷ್ಟೊತ್ತಿಗೆ ಕಾಯಿಲ್ ಹೋಗಿರೋದು" ಎಂದ. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ. ತೀರಾ ಕೆಳಗಿಟ್ಟರೆ ನಿಂತ ನೀರಿನಲ್ಲಿ ರೋಗಾಣು ಬೆಳೆಯುತ್ತದೆ, 60 ಅದಕ್ಕೆ ಸಾವು. ಆದರೆ 60ರ ನೀರು ನೇರ ಮೈಮೇಲೆ ಬಿದ್ದರೆ ಐದೇ ಸೆಕೆಂಡಿನಲ್ಲಿ ಬೊಬ್ಬೆ. ಯಂತ್ರದ ಹದ ಒಂದು, ಮೈಯ ಹದ ಇನ್ನೊಂದು, ನಡುವೆ ಬೆರಸಲು ಒಂದು ಕೈ ಬೇಕು. 15 ಲೀಟರಿಗೆ ಸರಿಸುಮಾರು ಅಷ್ಟೇ ತಣ್ಣೀರು ಬೆರಸಿದರೆ ಎರಡು ಬಕೆಟ್ಟು ಹದವಾದ ನೀರು.

ಡಿಸೆಂಬರಿನಲ್ಲಿ ಮಗಳ ಮಗ ಬಂದ. ಒಂಬತ್ತು ವರ್ಷ. ಈಗ ಮನೆಯಲ್ಲಿ ಸ್ವಿಚ್ ಪಕ್ಷದ್ದೇ ಆಡಳಿತ. ಐದೂಮುಕ್ಕಾಲಿಗೆ ಎದ್ದು ಆನ್ ಮಾಡಿ, ಬಚ್ಚಲ ಬಾಗಿಲಿನ ಹತ್ತಿರ ಕುರ್ಚಿ ಹಾಕಿ ಕೂರುವುದು ನನ್ನ ಪಾಲಿನ ಕೆಲಸ. ನಮ್ಮ ಗೀಸರಿನಲ್ಲಿ ನೀರು ಕಾಯುವಾಗ ಸಣ್ಣಗೆ ಒಂದು ಗುಂಯ್ ಬರುತ್ತದೆ ಎಂಬುದು ಹೀಗೆ ಕೂತ ಮೇಲೆ ತಿಳಿಯಿತು. ಸುಣ್ಣ ಕಟ್ಟಿದ ಕಾಯಿಲಿನ ಹಾಡು ಅದು ಎಂದು ಎಲೆಕ್ಟ್ರಿಷಿಯನ್ ಹುಡುಗ ಹೇಳಿದ್ದಾನೆ. ಇರಲಿ. ಇಪ್ಪತ್ತು ನಿಮಿಷಕ್ಕೆ ಟಕ್. ಕೆಂಪು ದೀಪ ಆರಿತು. ಬಕೆಟ್ಟಿಗೆ ಬಿಟ್ಟು, ಬೆರಸಿ, ಕೈ ಅದ್ದಿ ನೋಡಿ ಕೂಗಿದೆ: "ಬಾರೋ, ನೀರು ಹದ ಇದೆ. ನೋಡು, ತೋಡಿದಷ್ಟು ತುಂಬಬೇಕು."

ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಹುಡುಗ ಚಡ್ಡಿಯಲ್ಲಿ ನಡುಗುತ್ತಾ ನಿಂತು ಬಚ್ಚಲೆಲ್ಲ ಕಣ್ಣಾಡಿಸಿದ. "ಎಲ್ಲಿಗೆ ತುಂಬೋದು ತಾತ?"

ನಾನು ಮೇಲೆ ನೋಡಿದೆ. ಎಲೆಕ್ಟ್ರಿಷಿಯನ್ ಬಿಚ್ಚಿದಾಗ ಒಳಗಿನ ಎರಡು ಕೊಳವೆ ಕಂಡಿದ್ದೆ. ಒಂದು ತಳದಲ್ಲಿ ತಣ್ಣೀರನ್ನು ಬಿಡುತ್ತದೆ, ಇನ್ನೊಂದು ನೆತ್ತಿಯಿಂದ ಬಿಸಿನೀರನ್ನು ಒಯ್ಯುತ್ತದೆ. ಒಂದು ಚೊಂಬು ತಣ್ಣೀರು ಒಳಗೆ ಬಂದು ತಳ್ಳಿದರೆ ಮಾತ್ರ ಒಂದು ಚೊಂಬು ಬಿಸಿನೀರು ಹೊರಗೆ. ತಾರಸಿಯ ಟ್ಯಾಂಕು ಖಾಲಿಯಾದ ದಿನ, ಒಳಗೆ 15 ಲೀಟರ್ ಕಾದು ಕೂತಿದ್ದರೂ ಅದು ತೊಟ್ಟು ಬಿಡುವುದಿಲ್ಲ.

"ನೀನು ಮೀಯಪ್ಪ, ಅದೇ ತುಂಬಿಕೊಳ್ಳುತ್ತೆ" ಎಂದೆ. ಇಡೀ ಮನೆತನದಲ್ಲಿ ಅಜ್ಜಿಯ ಮಾತು ಒಂದು ಸಲವೂ ಮೀರದೆ ನಡೆಸಿಕೊಂಡು ಬಂದದ್ದು ಆ ಗೀಸರ್ ಒಂದೇ. ಸ್ವಿಚ್ ಆಫ್ ಮಾಡಿದೆ. ಮಾಡಿದ್ದು ನಿಜವೇ ಎಂದು ಇನ್ನೊಮ್ಮೆ ಮುಟ್ಟಿ ನೋಡಿದೆ.